ಹಳೇ ಬಲೆನೊ ಆಲ್ಟುರಾಗೆ ಯಾವ ಸಸ್ಪೆನ್ಷನ್? ಪದೇ ಪದೇ ಕೇಳುವ ಪ್ರಶ್ನೆಗಳು

ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿ ಕಡೆ ಇನ್ನೂ ಓಡುತ್ತಿರುವ ಆಲ್ಟುರಾಗಳು, ಅಂದರೆ ಮಾರುತಿಯ ಹಳೇ ಬಲೆನೊದ ವ್ಯಾಗನ್ ಮಾಡೆಲ್‌ಗಳು, ಬೆರಳೆಣಿಕೆಯಷ್ಟು. ಆದರೆ ಇಟ್ಟುಕೊಂಡವರೆಲ್ಲ ಒಂದು ಥರ ಹುಚ್ಚರೇ. ಇಂಜಿನ್ ಬಿಚ್ಚಿ ಕಟ್ಟಿರುತ್ತಾರೆ, ಅಲಾಯ್ ಹಾಕಿರುತ್ತಾರೆ, ಕೊನೆಗೆ ಸಸ್ಪೆನ್ಷನ್ ಹತ್ತಿರ ಬಂದು ತಲೆ ಕೆರೆದುಕೊಳ್ಳುತ್ತಾರೆ. ಸಿಕ್ಕಾಗ, ಫೋನಿನಲ್ಲಿ, ಮೆಸೇಜಿನಲ್ಲಿ ಕೇಳಿದ್ದನ್ನೇ ಕೇಳುತ್ತಾರೆ. ಅದನ್ನೆಲ್ಲ ಇಲ್ಲಿ ಒಟ್ಟು ಮಾಡಿದ್ದೇನೆ. ಹಳೇ ಬಲೆನೊ ಸೆಡಾನ್ ಇರುವವರಿಗೂ ಮುಕ್ಕಾಲು ಭಾಗ ಹೊಂದುತ್ತದೆ. ನನ್ನ ಒಲವು ಯಾವ ಕಡೆ ಅಂತ ಮೊದಲೇ ಹೇಳಿಬಿಡುತ್ತೇನೆ: ನಮ್ಮ ರಸ್ತೆಗೆ ಒಳ್ಳೆ ಶಾಕ್, ಸ್ವಲ್ಪ ಗಟ್ಟಿ ಸ್ಪ್ರಿಂಗ್, ಕಂಪನಿ ಕೊಟ್ಟ ಎತ್ತರ. ಇಳಿಸಿದ ಗಾಡಿ ಫೋಟೋದಲ್ಲಿ ಚೆನ್ನ.

## ಶುರುವಿನ ಪ್ರಶ್ನೆಗಳು

"ಆಲ್ಟುರಾ ಅಂದ್ರೆ ಈಗಿನ ಬಲೆನೊದೇ ಉದ್ದ ಮಾಡೆಲ್ಲಾ? ಅದರ ಶಾಕ್ ಇದಕ್ಕೆ ಕೂರುತ್ತಾ?"

ಕೂರುವುದಿಲ್ಲ. ಹೆಸರು ಮಾತ್ರ ಒಂದೇ. 2015ರಲ್ಲಿ ಬಂದ ಹ್ಯಾಚ್‌ಬ್ಯಾಕಿಗೂ ಇದಕ್ಕೂ ಏನೇನೂ ಸಂಬಂಧ ಇಲ್ಲ. ಹೊಸದಕ್ಕೆ ಹಿಂದೆ ಟಾರ್ಷನ್ ಬೀಮ್, ಅಂದರೆ ಎರಡೂ ಚಕ್ರ ಜೋಡಿಸುವ ಒಂದೇ ತೊಲೆ ಇದೆ. ನಮ್ಮದಕ್ಕೆ ನಾಲ್ಕೂ ಚಕ್ರಕ್ಕೆ ಬೇರೆ ಬೇರೆ ಸ್ಟ್ರಟ್. ಅಂದರೆ ಶಾಕ್ ಮತ್ತು ಸ್ಪ್ರಿಂಗ್ ಒಂದೇ ಕಂಬದಲ್ಲಿ ಕೂತಿರುತ್ತವೆ, ಮುಂದೆಯೂ ಹಿಂದೆಯೂ. ಆ ಕಾಲದಲ್ಲಿ ಈ ಬೆಲೆಯ ಗಾಡಿಗೆ ಇದು ದೊಡ್ಡ ವಿಷಯ. 1590 ಸಿಸಿ ಇಂಜಿನ್, 2480 ಮಿ.ಮೀ. ವೀಲ್‌ಬೇಸ್ (ಮುಂದಿನ, ಹಿಂದಿನ ಚಕ್ರಗಳ ಅಂತರ), ತೂಕ ಒಂದು ಟನ್ ಆಸುಪಾಸು. 2007ರ ಹೊತ್ತಿಗೆ ಹಳೇ ಬಲೆನೊ ಸಾಲೇ ನಿಂತುಹೋಗಿ ಆ ಜಾಗಕ್ಕೆ ಎಸ್‌ಎಕ್ಸ್4 ಬಂತು. ಹಾಗಾಗಿ ಇವತ್ತು ಓಡುತ್ತಿರುವ ಯಾವ ಆಲ್ಟುರಾನೂ ಎಳೆಯದಲ್ಲ.

"ಹೊರದೇಶದಿಂದ ಪಾರ್ಟ್ ತರಿಸೋಣ ಅಂದ್ರೆ ಬಲೆನೊ ವ್ಯಾಗನ್ ಅಂತ ಹುಡುಕಿದ್ರೆ ಏನೂ ಸಿಗ್ತಿಲ್ಲ, ಏನು ಮಾಡ್ಲಿ?"

ಬೇರೆ ಹೆಸರಲ್ಲಿ ಹುಡುಕಬೇಕು. ಇದೇ ಗಾಡಿಯನ್ನು ಜಪಾನಿನಲ್ಲಿ ಸುಜುಕಿ ಕಲ್ಟಸ್ ಕ್ರೆಸೆಂಟ್ ಅಂತ ಮಾರಿದರು, ಅಮೆರಿಕದಲ್ಲಿ ಸುಜುಕಿ ಎಸ್ಟೀಮ್ ಅಂತ. ಇಲ್ಲೇ ಜನ ಎಡವುವುದು. ನಮ್ಮ ಮಾರುತಿ ಎಸ್ಟೀಮ್ ಬೇರೆ ಗಾಡಿ, ಇದಕ್ಕಿಂತ ಹಿಂದಿನ ತಲೆಮಾರು. ಅಮೆರಿಕದ ಪಟ್ಟಿಯಲ್ಲಿ ಎಸ್ಟೀಮ್ ಅಂತ ಇದ್ದರೆ ಅದು ನಮ್ಮ ಬಲೆನೊಗೆ ಹತ್ತಿರ, ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಯವನು ಎಸ್ಟೀಮ್ ಶಾಕ್ ಅಂತ ಕೊಟ್ಟರೆ ಅದು ನಮ್ಮದಲ್ಲ. ಹೆಸರು ನಂಬಬೇಡಿ. ನಿಮ್ಮ ಹಳೇ ಸ್ಟ್ರಟ್ ಬಿಚ್ಚಿ ಅಳತೆ ತೆಗೆದುಕೊಳ್ಳಿ: ಮೇಲಿನ ಬೋಲ್ಟ್‌ಗಳ ಅಂತರ, ಕೆಳಗಿನ ಬ್ರಾಕೆಟ್‌ನ ಎರಡು ತೂತಿನ ಅಂತರ, ರಾಡ್ ಪೂರ್ತಿ ಹೊರಗೆ ಬಂದಾಗಿನ ಉದ್ದ, ಪೂರ್ತಿ ಒಳಗೆ ಹೋದಾಗಿನ ಉದ್ದ, ಸ್ಪ್ರಿಂಗ್ ತಟ್ಟೆಯ ಜಾಗ. ಈ ಐದು ಅಳತೆ ಚೀಟಿಯಲ್ಲಿ ಬರೆದಿಟ್ಟುಕೊಂಡವನಿಗೆ ಯಾರೂ ಟೋಪಿ ಹಾಕಲಾರರು.

"ಶಾಕು, ಸ್ಪ್ರಿಂಗು ಎರಡೂ ಒಂದೇ ಕೆಲಸ ತಾನೇ ಮಾಡೋದು?"

ಅಲ್ಲ. ಗಾಡಿಯ ಭಾರ ಹೊರುವುದು ಸ್ಪ್ರಿಂಗ್. ಗುಂಡಿಗೆ ಬಿದ್ದಾಗ ಒಳಗೆ ಹೋಗುವುದು, ವಾಪಸ್ ಬರುವುದು ಎಲ್ಲ ಅದರದ್ದೇ. ಸ್ಪ್ರಿಂಗ್ ಒಂದೇ ಇದ್ದರೆ ಒಂದು ಹಂಪಿಗೆ ಗಾಡಿ ನಾಲ್ಕು ಸಲ ಕುಣಿಯುತ್ತದೆ. ಆ ಕುಣಿತಕ್ಕೆ ಕಡಿವಾಣ ಹಾಕುವುದು ಶಾಕ್. ಒಳಗಿರುವ ಪಿಸ್ಟನ್ ಎಣ್ಣೆಯನ್ನು ಸಣ್ಣ ತೂತುಗಳ ಮೂಲಕ ತಳ್ಳುತ್ತದೆ, ಕುಣಿತದ ಶಕ್ತಿ ಬಿಸಿಯಾಗಿ ಕಳೆದುಹೋಗುತ್ತದೆ. ಎತ್ತರ ಬೇಕು, ಲೋಡ್ ಹೊರಬೇಕು ಅಂದರೆ ಸ್ಪ್ರಿಂಗ್ ನೋಡಿ. ತೂಗಾಟ, ಎಗರಾಟ ನಿಲ್ಲಬೇಕು ಅಂದರೆ ಶಾಕ್ ನೋಡಿ. ಜನ ಉಲ್ಟಾ ಮಾಡುತ್ತಾರೆ. ತೂಗಾಡುತ್ತದೆ ಅಂತ ಗಟ್ಟಿ ಸ್ಪ್ರಿಂಗ್ ಹಾಕಿಸುತ್ತಾರೆ, ಸೋತ ಶಾಕ್ ಹಾಗೇ ಇರುತ್ತದೆ. ಆಗ ತೂಗಾಟ ನಿಲ್ಲುವುದಿಲ್ಲ, ಬೇಗ ಬೇಗ ತೂಗುತ್ತದೆ ಅಷ್ಟೇ.

"ನನ್ನ ಗಾಡಿ ಕಟಕಟ ಅನ್ನುತ್ತೆ, ಎಂಬತ್ತರಲ್ಲಿ ತೇಲುತ್ತೆ. ಸೀದಾ ಕಾಯಿಲ್‌ಓವರ್ ಹಾಕಿಸಿಬಿಡ್ಲಾ?"

ಬೇಡ, ಸ್ವಲ್ಪ ತಡೀರಿ. ಕಾಯಿಲ್‌ಓವರ್ ಅಂದರೆ ಎತ್ತರ ಬದಲಿಸಲು ಬರುವ ಶಾಕ್–ಸ್ಪ್ರಿಂಗ್ ಜೋಡಿ. ಇಪ್ಪತ್ತು ವರ್ಷ ದಾಟಿದ ಗಾಡಿಯಲ್ಲಿ ಕಟಕಟ ಶಬ್ದ ಬಹುತೇಕ ರಬ್ಬರಿನಿಂದ ಬರುತ್ತದೆ: ಲೋಯರ್ ಆರ್ಮ್ (ಚಕ್ರವನ್ನು ಕೆಳಗಿನಿಂದ ಹಿಡಿದಿರುವ ತೋಳು) ಬುಷ್, ಸ್ಟೆಬಿಲೈಸರ್ ಲಿಂಕ್, ಸ್ಟ್ರಟ್ ಮೇಲಿನ ಮೌಂಟ್. ಗಾಡಿ ನಿಂತಲ್ಲೇ ಸ್ಟೇರಿಂಗ್ ಪೂರ್ತಿ ತಿರುಗಿಸಿ, ಇನ್ನೊಬ್ಬರು ಬಾನೆಟ್ ಎತ್ತಿ ಸ್ಟ್ರಟ್ ತಲೆ ಮೇಲೆ ಕೈ ಇಟ್ಟು ನೋಡಲಿ. ಟಣ್ ಅಂತ ಸ್ಪ್ರಿಂಗ್ ಜಿಗಿದರೆ ಮೇಲಿನ ಬೇರಿಂಗ್ ಹೋಗಿದೆ. ಆ ಬೇರಿಂಗ್ ಮೇಲೆ ಲಕ್ಷ ರೂಪಾಯಿ ಕಾಯಿಲ್‌ಓವರ್ ಕೂರಿಸಿದರೂ ಅದೇ ಟಣ್.

ದುಡ್ಡು ಖರ್ಚು ಮಾಡುವ ಕ್ರಮ ಹೀಗಿರಲಿ. ಮೊದಲು ಟೈರ್, ಅದರ ಗಾಳಿ. ಆಮೇಲೆ ಬುಷ್, ಬಾಲ್ ಜಾಯಿಂಟ್, ಟೈ ರಾಡ್ ಎಂಡ್, ಮೌಂಟ್. ಆಮೇಲೆ ನಾಲ್ಕು ಹೊಸ ಶಾಕ್. ಇಷ್ಟಾದ ಮೇಲೆ ಒಂದು ತಿಂಗಳು ಓಡಿಸಿ. ಅರ್ಧ ಜನಕ್ಕೆ ಅಲ್ಲಿಗೇ ಸಾಕು ಅನ್ನಿಸುತ್ತದೆ. ಮಿಕ್ಕವರಿಗೆ ಏನು ಕಡಿಮೆ ಇದೆ ಅಂತ ಆಗ ಸರಿಯಾಗಿ ಗೊತ್ತಾಗುತ್ತದೆ.

"ಲೆಗಸಿ, ಸ್ಟೇಜಿಯಾ ಥರದ ವ್ಯಾಗನ್‌ನೇ ಜಪಾನಿಂದ ತರಿಸಬಹುದಲ್ವಾ, ಇದರ ಹಿಂದೆ ಯಾಕೆ?"

ಹಳೇ ಗಾಡಿ ತರಿಸಬೇಕಾದರೆ ತಯಾರಾಗಿ ಮೂರು ವರ್ಷದೊಳಗಿನದು ಆಗಿರಬೇಕು ಅಂತ ನಮ್ಮ ಆಮದು ನಿಯಮ. ಮೇಲೆ ಸುಂಕವೇ ಗಾಡಿ ಬೆಲೆ ಮೀರುತ್ತದೆ. ಸ್ಟೇಜಿಯಾ ನಿಂತು ಎಷ್ಟೋ ಕಾಲ ಆಯಿತು. ಕನಸು ಬಿಡಿ, ಆಲ್ಟುರಾ ಹಿಡಿಯಿರಿ.

## ಎತ್ತರ, ಲೋಡ್, ಹಂಪು

"ಎಷ್ಟು ಇಳಿಸಿದ್ರೆ ನಮ್ಮೂರಲ್ಲಿ ಓಡಿಸಬಹುದು?"

ನನ್ನ ಉತ್ತರ: ಸೊನ್ನೆ. ಹಟ ಇದ್ದರೆ 20 ಮಿ.ಮೀ., ಅದಕ್ಕಿಂತ ಜಾಸ್ತಿ ಬೇಡ. ಕಾರಣ ಹಂಪು. ರಸ್ತೆಯ ಅಳತೆ ಹೇಳುವ ಸಂಸ್ಥೆ ಭಾರತೀಯ ರಸ್ತೆ ಕಾಂಗ್ರೆಸ್ಸಿನ ಲೆಕ್ಕದಲ್ಲಿ ಸರಿಯಾದ ಹಂಪು 3.7 ಮೀಟರ್ ಅಗಲ, 10 ಸೆಂ.ಮೀ. ಎತ್ತರ, ಮೇಲ್ಭಾಗ 17 ಮೀಟರ್ ತ್ರಿಜ್ಯದ ಕಮಾನು. ನಮ್ಮ 2480 ಮಿ.ಮೀ. ವೀಲ್‌ಬೇಸ್ ಅಂಥ ಹಂಪಿನ ಮೇಲೆ ಪೂರ್ತಿ ಹತ್ತಿ ಕೂರುತ್ತದೆ. ಆಗ ಗಾಡಿ ಹೊಟ್ಟೆಯ ಕೆಳಗೆ ಕಮಾನು ಎದ್ದಿರುವುದು ಬರೀ ನಾಲ್ಕೂವರೆ ಸೆಂ.ಮೀ. ಇಳಿಸಿದ ಗಾಡಿಯೂ ಸಲೀಸಾಗಿ ದಾಟುತ್ತದೆ.

ಆದರೆ ನಮ್ಮ ಹಳ್ಳಿ ಬಾಗಿಲಲ್ಲಿ ಇರುವುದು ಅದಾ? ಎರಡಡಿ ಅಗಲ, ಅರ್ಧ ಅಡಿ ಎತ್ತರ, ಬಣ್ಣ ಇಲ್ಲ, ಬೋರ್ಡ್ ಇಲ್ಲ, ರಾತ್ರೋರಾತ್ರಿ ಊರವರೇ ಕಟ್ಟಿದ್ದು. ಅದು ಎರಡು ಚಕ್ರದ ನಡುವೆ ಬಂದಾಗ ಪೂರ್ತಿ 15 ಸೆಂ.ಮೀ. ಹೊಟ್ಟೆಗೆ ಬರುತ್ತದೆ. ಎಕ್ಸಾಸ್ಟ್ ಪೈಪ್ ಮೊದಲ ಬಲಿ. ಕ್ವಾರಿ ಟಿಪ್ಪರ್ ಓಡಾಡುವ ರಸ್ತೆಗಳಲ್ಲಿ ಇನ್ನೊಂದು ಕಾಟ: ಚಕ್ರದ ಜಾಡು ಎರಡು ಕಡೆ ಕುಸಿದು ನಡುವೆ ದಿಣ್ಣೆ ಎದ್ದಿರುತ್ತದೆ. ಅಲ್ಲಿ ಇಳಿಸಿದ ಗಾಡಿ ಮೈಲಿಗಟ್ಟಲೆ ಹೊಟ್ಟೆ ಉಜ್ಜಿಕೊಂಡೇ ಹೋಗಬೇಕು. ಬೆಂಗಳೂರು–ಹೈದರಾಬಾದ್ ಹೆದ್ದಾರಿ, ನಂದಿ ಬೆಟ್ಟದ ಘಾಟಿ ಇವೆರಡೇ ಓಡಿಸುತ್ತೇನೆ ಅನ್ನುವವರು ಇಳಿಸಿಕೊಳ್ಳಿ. ಬೇಸಿಗೆ ರಜೆಗೆ ಅಜ್ಜಿ ಊರಿಗೆ ಹೋಗುವವರು ಇಳಿಸಬೇಡಿ.

"ಸ್ಪ್ರಿಂಗ್ ಒಂದು ಸುತ್ತು ಕಟ್ ಮಾಡಿಸಿದ್ರೆ ಐನೂರು ರೂಪಾಯಲ್ಲಿ ಮುಗಿಯುತ್ತಲ್ವಾ?"

ಮುಗಿಯುತ್ತದೆ, ಗಾಡಿನೂ ಮುಗಿಯುತ್ತದೆ. ಸ್ಪ್ರಿಂಗಿನ ಗಟ್ಟಿತನ ಕೆಲಸ ಮಾಡುವ ಸುತ್ತುಗಳ ಸಂಖ್ಯೆಗೆ ವಿಲೋಮ. ಆರು ಸುತ್ತಿನಲ್ಲಿ ಒಂದು ಕತ್ತರಿಸಿದರೆ ಸ್ಪ್ರಿಂಗ್ ಇಪ್ಪತ್ತು ಪರ್ಸೆಂಟ್ ಗಟ್ಟಿಯಾಗುತ್ತದೆ. ಅದೇನೋ ಪರವಾಗಿಲ್ಲ ಅನ್ನಿ. ತೊಂದರೆ ತುದಿಯದ್ದು. ಸ್ಪ್ರಿಂಗಿನ ತುದಿ ತಟ್ಟೆಯ ತೋಡಿನಲ್ಲಿ ಕೂರುವಂತೆ ಸುತ್ತಿರುತ್ತಾರೆ. ಕತ್ತರಿಸಿದ ತುದಿ ಓರೆಯಾಗಿ ಒಂದೇ ಬಿಂದುವಿನಲ್ಲಿ ಒತ್ತುತ್ತದೆ, ರಾಡನ್ನು ಪಕ್ಕಕ್ಕೆ ತಳ್ಳುತ್ತದೆ, ಶಾಕ್ ಸೀಲ್ ಸೋರುತ್ತದೆ. ಇನ್ನೂ ಕೆಟ್ಟದ್ದು: ಗಾಡಿ ಜಾಕ್ ಮೇಲೆ ಎತ್ತಿದಾಗಲೋ ಹಂಪಿನಲ್ಲಿ ಚಕ್ರ ತೇಲಿದಾಗಲೋ ಗಿಡ್ಡಾದ ಸ್ಪ್ರಿಂಗ್ ತಟ್ಟೆಯಿಂದ ಬಿಟ್ಟುಕೊಳ್ಳುತ್ತದೆ. ವಾಪಸ್ ಕೂರುವಾಗ ಸರಿಯಾಗಿ ಕೂರುತ್ತದೆ ಅಂತ ಯಾವ ಗ್ಯಾರಂಟಿಯೂ ಇಲ್ಲ. ಗ್ಯಾಸ್ ಇಟ್ಟು ಕಾಯಿಸಿ ಇಳಿಸುವವರೂ ಇದ್ದಾರೆ. ಕಾಯಿಸಿದ ಕಡೆ ಉಕ್ಕಿನ ಹದವೇ ಹೋಗುತ್ತದೆ. ಅಂಥ ಗ್ಯಾರೇಜಿನಿಂದ ಗಾಡಿ ವಾಪಸ್ ತಗೊಂಡು ಬನ್ನಿ.

"ಸ್ಪ್ರಿಂಗ್ ನಡುವೆ ರಬ್ಬರ್ ಬಫರ್ ಹಾಕಿದ್ರೆ ಎತ್ತರ ಬರುತ್ತಂತೆ, ಹೌದಾ?"

ಬರುತ್ತದೆ. ಒಂದು ಸುತ್ತನ್ನು ಅದು ಕಟ್ಟಿಹಾಕುತ್ತದೆ ಅಷ್ಟೇ. ಮಿಕ್ಕ ಸುತ್ತುಗಳು ಎಲ್ಲ ಕೆಲಸ ಹೊರಬೇಕು, ಹಾಗಾಗಿ ಸ್ಪ್ರಿಂಗ್ ಗಟ್ಟಿಯೂ ಆಗುತ್ತದೆ, ಬೇಗ ದಣಿಯುತ್ತದೆ. ರಬ್ಬರ್ ಮತ್ತು ಕಬ್ಬಿಣದ ನಡುವೆ ಕೆಂಪು ಧೂಳು ಸೇರಿ ಬಣ್ಣ ಉಜ್ಜಿಹೋಗಿ ಅಲ್ಲೇ ತುಕ್ಕು ಹಿಡಿಯುತ್ತದೆ, ಮುರಿಯುವುದೂ ಅಲ್ಲೇ. ಊರ ಹಬ್ಬಕ್ಕೆ ಗಾಡಿ ತುಂಬ ಜನ ಹೋಗಬೇಕು, ತಾತ್ಕಾಲಿಕ ಅಂದರೆ ಹಾಕಿ, ಬಂದ ಮೇಲೆ ತೆಗೆಯಿರಿ. ಶಾಶ್ವತ ಮದ್ದು ಹೊಸ ಸ್ಪ್ರಿಂಗ್. ನಿಮ್ಮ ಗಾಡಿ ತಗ್ಗಾಗಿದೆ ಅಂದರೆ ಹಳೇ ಸ್ಪ್ರಿಂಗ್ ಕುಸಿದಿದೆ ಅಂತಲೇ ಅರ್ಥ.

"ಕೋಲಾರ ಮಾರ್ಕೆಟ್ಟಿಗೆ ಟೊಮೆಟೊ ಹಾಕ್ಕೊಂಡು ಹೋಗ್ತೀನಿ, ಹಿಂದೆ ಕುಕ್ಕರಿಸಿಬಿಡುತ್ತೆ. ಸ್ಪೋರ್ಟ್ಸ್ ಸಸ್ಪೆನ್ಷನ್ ಹಾಕಿದ್ರೆ ಸರಿ ಹೋಗುತ್ತಾ?"

ಇದು ನನಗೆ ಇಷ್ಟವಾದ ಪ್ರಶ್ನೆ. ವ್ಯಾಗನ್ ಇರುವುದೇ ಇದಕ್ಕೆ ಅಲ್ವಾ! ಸೆಡಾನಿಗೂ ವ್ಯಾಗನ್‌ಗೂ ಇರುವ ನಿಜವಾದ ವ್ಯತ್ಯಾಸವೂ ಇಲ್ಲೇ. ಒಂದು ಬಾಕ್ಸ್ 15 ಕಿಲೋ. ಹತ್ತು ಬಾಕ್ಸ್ ಹಾಕಿದರೆ 150 ಕಿಲೋ, ಬಹುತೇಕ ಎಲ್ಲ ಹಿಂದಿನ ಆಕ್ಸಲ್ ಮೇಲೆ. ಖಾಲಿ ಇದ್ದಾಗ ಹಿಂದೆ ಹಗುರ, ತುಂಬಿದಾಗ ಒಂದೂವರೆ ಪಟ್ಟು ಭಾರ. ಖಾಲಿಗೆ ಹೊಂದುವ ಸ್ಪ್ರಿಂಗ್ ಲೋಡಿಗೆ ಸಾಲದು. ಲೋಡಿಗೆ ಹೊಂದುವುದು ಖಾಲಿ ಇದ್ದಾಗ ಬೆನ್ನು ಮುರಿಯುತ್ತದೆ.

ದಾರಿ ಎರಡು. ಒಂದು, ಪ್ರೋಗ್ರೆಸಿವ್ ಸ್ಪ್ರಿಂಗ್: ಒಂದು ತುದಿಯಲ್ಲಿ ಸುತ್ತುಗಳು ಒತ್ತಾಗಿ, ಇನ್ನೊಂದು ತುದಿಯಲ್ಲಿ ಬಿಡಿಯಾಗಿ ಇರುತ್ತವೆ. ಲೋಡ್ ಬಿದ್ದಂತೆ ಒತ್ತಾದ ಸುತ್ತುಗಳು ಒಂದಕ್ಕೊಂದು ಕೂತು ಮಿಕ್ಕದ್ದು ಗಟ್ಟಿಯಾಗುತ್ತದೆ. ವಾರಕ್ಕೆರಡು ಸಲ ಲೋಡ್ ಹಾಕುವವರಿಗೆ ಇದೇ ಸರಿ. ಎರಡು, ಹಿಂದಿನ ಸ್ಪ್ರಿಂಗ್ ಮಾತ್ರ ಇಪ್ಪತ್ತು–ಇಪ್ಪತ್ತೈದು ಪರ್ಸೆಂಟ್ ಗಟ್ಟಿ ಮಾಡಿಸಿ, ಜೊತೆಗೆ ಹೊಂದುವ ಶಾಕ್ ಹಾಕುವುದು. ಸ್ಪೋರ್ಟ್ಸ್ ಅಂತ ಮಾರುವ ಇಳಿಸಿದ ಸ್ಪ್ರಿಂಗ್ ಬೇಡವೇ ಬೇಡ. ಅದು ಮೊದಲೇ ತಗ್ಗು, ಲೋಡ್ ಹಾಕಿದ ತಕ್ಷಣ ಬಂಪ್ ಸ್ಟಾಪ್ (ಕೊನೆಗೆ ತಡೆಯುವ ರಬ್ಬರ್) ಮೇಲೆ ಕೂತುಬಿಡುತ್ತದೆ.

ಸ್ಪ್ರಿಂಗ್ ಒಳಗೆ ತುರುಕುವ ಗಾಳಿ ಬ್ಯಾಗ್ ಬಗ್ಗೆಯೂ ಕೇಳುತ್ತಾರೆ. ನಮ್ಮ ಗಾಡಿಗೆ ಆಗುವುದಿಲ್ಲ. ಸ್ಟ್ರಟ್ ಆದ್ದರಿಂದ ಸ್ಪ್ರಿಂಗಿನ ನಡುವೆಯೇ ಶಾಕ್ ಹಾದುಹೋಗುತ್ತದೆ, ಬ್ಯಾಗ್‌ಗೆ ಜಾಗ ಎಲ್ಲಿ? ಲೋಡ್ ಹಾಕಿದ ದಿನ ಹಿಂದಿನ ಟೈರಿಗೆ ಕಂಪನಿ ಹೇಳಿದಷ್ಟು ಜಾಸ್ತಿ ಗಾಳಿ ಹಾಕಿಸಿ, ಹೆಡ್‌ಲೈಟ್ ಮಟ್ಟ ಇಳಿಸಿ. ಎದುರಿಗೆ ಬರುವವರ ಕಣ್ಣಿಗೆ ಹೊಡೆಯುತ್ತಿರುತ್ತದೆ.

"ಶಾಕ್ ಚೆನ್ನಾಗಿದೆ, ಲೋಯರಿಂಗ್ ಸ್ಪ್ರಿಂಗ್ ಮಾತ್ರ ಹಾಕಿದ್ರೆ ನಡೆಯುತ್ತಾ?"

ಸ್ವಲ್ಪ ದಿನ ನಡೆಯುತ್ತದೆ. ಸ್ಪ್ರಿಂಗ್ ಐವತ್ತು ಪರ್ಸೆಂಟ್ ಗಟ್ಟಿಯಾದರೆ ಅದೇ ಹಿಡಿತಕ್ಕೆ ಶಾಕ್ ಇಪ್ಪತ್ತೆರಡು ಪರ್ಸೆಂಟ್ ಗಟ್ಟಿ ಇರಬೇಕು. ಕಂಪನಿ ಶಾಕ್‌ಗೆ ಅಷ್ಟು ಕಸುವಿಲ್ಲ. ಜೊತೆಗೆ ರಾಡ್ ಯಾವಾಗಲೂ ಒಳಗೆ ಇಳಿದೇ ಇರುತ್ತದೆ, ಬಂಪ್ ಸ್ಟಾಪ್‌ಗೆ ಮುಟ್ಟುವ ದಾರಿ ಕಡಿಮೆ. ಎಷ್ಟು ದಾರಿ ಉಳಿದಿದೆ ಅಂತ ತಿಳಿಯಲು ಸುಲಭದ ಉಪಾಯ ಇದೆ. ಡಸ್ಟ್ ಬೂಟ್ ಮೇಲೆ ಸರಿಸಿ, ರಾಡಿಗೆ ಪ್ಲಾಸ್ಟಿಕ್ ಕೇಬಲ್ ಟೈ ಬಿಗಿದು, ಸೀಲ್‌ಗೆ ತಾಗುವಂತೆ ಕೆಳಗೆ ಇಳಿಸಿ. ದಿನಾ ಹೋಗುವ ರಸ್ತೆಯಲ್ಲಿ ಒಂದು ಸುತ್ತು ಹೋಗಿ ಬನ್ನಿ. ಟೈ ಎಲ್ಲಿವರೆಗೆ ಮೇಲೆ ಹೋಗಿದೆ ನೋಡಿ. ಬಂಪ್ ಸ್ಟಾಪ್‌ವರೆಗೂ ಹೋಗಿದ್ದರೆ ಆ ಎತ್ತರ ನಿಮಗಲ್ಲ.

## ಕೊಳ್ಳುವಾಗ

"ಟ್ವಿನ್ ಟ್ಯೂಬಾ, ಮಾನೊಟ್ಯೂಬಾ?"

ಇವು ಶಾಕ್‌ನ ಎರಡು ಬಗೆ. ಟ್ವಿನ್ ಟ್ಯೂಬಿನಲ್ಲಿ ಒಂದರೊಳಗೊಂದು ಕೊಳವೆ. ಒಳಗಿನದರಲ್ಲಿ ಪಿಸ್ಟನ್, ಹೊರಗಿನದರಲ್ಲಿ ಮಿಕ್ಕ ಎಣ್ಣೆ, ಮೇಲೆ ಕಡಿಮೆ ಒತ್ತಡದ ಗ್ಯಾಸ್. ಕಲ್ಲು ಬಡಿದು ಹೊರಗಿನ ಕೊಳವೆ ಸ್ವಲ್ಪ ನೆಗ್ಗಿದರೂ ಓಡುತ್ತದೆ. ಮಾನೊಟ್ಯೂಬಿನಲ್ಲಿ ಒಂದೇ ಕೊಳವೆ, ಎಣ್ಣೆ ಒಂದು ಕಡೆ, ತೇಲುವ ಪಿಸ್ಟನ್ ಆಚೆ ಜಾಸ್ತಿ ಒತ್ತಡದ ನೈಟ್ರೋಜನ್. ಬಿಸಿ ಬೇಗ ಬಿಡುತ್ತದೆ, ಎಣ್ಣೆ ನೊರೆ ಆಗುವುದಿಲ್ಲ, ಹಿಡಿತ ಚುರುಕು. ಆದರೆ ಕೊಳವೆ ನೆಗ್ಗಿದರೆ ಪಿಸ್ಟನ್ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಸ್ಟ್ರಟ್ ಪಕ್ಕದ ಒತ್ತಡವನ್ನೂ ತಡೆಯಬೇಕಾದ್ದರಿಂದ ಬಿಲ್‌ಸ್ಟೈನ್ ಥರದವರು ಮಾನೊಟ್ಯೂಬನ್ನು ತಲೆಕೆಳಗೆ ಮಾಡಿ ದಪ್ಪ ಕವಚದೊಳಗೆ ಇಳಿಸುತ್ತಾರೆ. ಅದು ಒಳ್ಳೇದು, ಬೆಲೆನೂ ಹಾಗೇ. ಜಲ್ಲಿ ರಸ್ತೆ, ದಿನದ ಓಡಾಟ ಅಂದರೆ ಕೆವೈಬಿ, ಮನ್ರೋ, ಗೇಬ್ರಿಯಲ್ ಮಟ್ಟದ ಒಳ್ಳೆ ಟ್ವಿನ್ ಟ್ಯೂಬ್ ಸಾಕು. ಅಳತೆ ಹೊಂದಬೇಕು, ಅಷ್ಟೇ ಷರತ್ತು.

"32 ಕ್ಲಿಕ್ ಇರೋ ಕಾಯಿಲ್‌ಓವರ್ 16 ಕ್ಲಿಕ್‌ಗಿಂತ ಒಳ್ಳೇದಾ?"

ಕ್ಲಿಕ್ ಎಣಿಸಬೇಡಿ. ಕಡಿಮೆ ಬೆಲೆಯ ಕಿಟ್ಟಿನಲ್ಲಿ 32ರಲ್ಲಿ ಹತ್ತು ಕ್ಲಿಕ್ ತಿರುಗಿಸಿದರೂ ಏನೂ ಬದಲಾಗುವುದಿಲ್ಲ, ಕೊನೆಯ ಆರರಲ್ಲಿ ಎಲ್ಲ ಬದಲಾಗುತ್ತದೆ. ಒಂದೇ ಗುಬುಟು ಇರುವ ಕಿಟ್‌ಗಳಲ್ಲಿ ಅದು ಮುಖ್ಯವಾಗಿ ಹಿಂತಿರುಗುವ ಚಲನೆಯನ್ನು, ಅಂದರೆ ರಿಬೌಂಡನ್ನು ಹಿಡಿಯುತ್ತದೆ. ಮಾರುವವನ ಹತ್ತಿರ ಡೈನೊ ಗ್ರಾಫ್, ಅಂದರೆ ಶಾಕನ್ನು ಯಂತ್ರದಲ್ಲಿ ಅಳೆದ ಗ್ರಾಫ್ ಕೇಳಿ. ಕೊಡುವುದಿಲ್ಲ ಅಂದರೆ ಅವನ ಹತ್ತಿರ ಇಲ್ಲ. ರಿಪೇರಿ ಕಿಟ್ ಸಿಗುತ್ತಾ, ಸೀಲ್ ಹೋದರೆ ಇಲ್ಲೇ ಬಿಚ್ಚಿ ಕಟ್ಟಬಹುದಾ, ಇದು ಕ್ಲಿಕ್‌ಗಿಂತ ನೂರು ಪಾಲು ಮುಖ್ಯ.

ಎತ್ತರ ಬದಲಿಸುವ ರೀತಿಯಲ್ಲೂ ಎರಡು ಬಗೆ. ಒಂದರಲ್ಲಿ ಸ್ಪ್ರಿಂಗ್ ತಟ್ಟೆ ಮಾತ್ರ ಮೇಲೆ ಕೆಳಗೆ ಹೋಗುತ್ತದೆ. ಇನ್ನೊಂದರಲ್ಲಿ ಕೆಳಗಿನ ಬ್ರಾಕೆಟ್ಟೇ ತಿರುಗಿ ಇಡೀ ಶಾಕ್ ಗಿಡ್ಡ, ಉದ್ದ ಆಗುತ್ತದೆ. ಎರಡನೆಯದರಲ್ಲಿ ಎತ್ತರ ಬದಲಿಸಿದರೂ ರಾಡಿನ ಓಟ ಉಳಿಯುತ್ತದೆ. ದುಡ್ಡಿದ್ದರೆ ಅದನ್ನೇ ತಗೊಳ್ಳಿ.

"ಆಲ್ಟುರಾಗೆ ರೆಡಿಮೇಡ್ ಕಾಯಿಲ್‌ಓವರ್ ಇಲ್ಲ ಅಂತಾರೆ. ಮತ್ತೆ ಹೇಗೆ ಮಾಡಿಸ್ತಾರೆ?"

ನಿಮ್ಮ ಹಳೇ ಸ್ಟ್ರಟ್ಟಿನ ಕೆಳಗಿನ ಬ್ರಾಕೆಟ್ ಕತ್ತರಿಸಿ, ಚೂಡಿ (ಥ್ರೆಡ್) ಇರುವ ಹೊಸ ಮೈಗೆ ಬೆಸೆಯುತ್ತಾರೆ. ಇಲ್ಲದಿದ್ದರೆ ಹಳೇ ಸ್ಟ್ರಟ್ ಕೊಳವೆಯ ತಲೆ ಕತ್ತರಿಸಿ ಒಳಗಿನದನ್ನೆಲ್ಲ ತೆಗೆದು, ಹೊಂದುವ ಉದ್ದದ ಇನ್ಸರ್ಟ್ (ಒಳಗೆ ಇಳಿಸುವ ರೆಡಿ ಶಾಕ್) ಕೂರಿಸುತ್ತಾರೆ. ಕೋನಿಯವರು ಕೆಲವು ಗಾಡಿಗಳಿಗೆ ಇಂಥ ಇನ್ಸರ್ಟ್ ಮಾಡುತ್ತಾರೆ. ಎರಡೂ ನಡೆಯುವ ದಾರಿಗಳೇ. ಆದರೆ ಬೆಸುಗೆ ಬಿಟ್ಟರೆ ಚಕ್ರವೇ ಕಳಚುವ ಜಾಗ ಅದು. ಗೇಟು, ಗ್ರಿಲ್ಲು ಮಾಡುವ ವೆಲ್ಡರ್ ಬೇಡ. ಟಿಗ್ ವೆಲ್ಡಿಂಗ್ ಮಾಡಿ ಜಿಗ್ಗಿನಲ್ಲಿ ಹಿಡಿದು ಕೋನ ಪರೀಕ್ಷೆ ಮಾಡುವವರ ಹತ್ತಿರ ಹೋಗಿ. ಬ್ರಾಕೆಟ್ ಒಂದು ಡಿಗ್ರಿ ಓರೆಯಾದರೆ ಕ್ಯಾಂಬರ್ (ಚಕ್ರದ ತಲೆ ಒಳಗೆ ಹೊರಗೆ ವಾಲುವ ಕೋನ) ಒಂದು ಡಿಗ್ರಿ ಹೋಯಿತು ಅಂತಲೇ ಲೆಕ್ಕ.

"ಗುಜರಿಯಲ್ಲಿ ರೀಕಂಡಿಷನ್ ಶಾಕ್ ಅರ್ಧ ಬೆಲೆಗೆ ಕೊಡ್ತಾರೆ, ತಗೊಳ್ಲಾ?"

ಬೇಡ. ಸೀಲ್ ಮಾಡಿದ ಶಾಕ್‌ಗೆ ತೂತು ಕೊರೆದು ಯಾವುದೋ ಎಣ್ಣೆ ತುಂಬಿ ಮುಚ್ಚಿ ಬಣ್ಣ ಹೊಡೆದಿರುತ್ತಾರೆ. ಒಳಗೆ ಗ್ಯಾಸ್ ಇಲ್ಲ, ವಾಲ್ವ್ ಸವೆದದ್ದೇ. ಕೈಯಲ್ಲಿ ಒತ್ತಿದರೆ ಗಟ್ಟಿ ಅನ್ನಿಸುತ್ತದೆ, ಬಿಸಿಯಾದ ಮೇಲೆ ನೀರು.

"ಇದೆಲ್ಲ ಮಾಡಿಸಿದ್ರೆ ಆರ್‌ಟಿಒ ಹಿಡೀತಾರಾ?"

1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಆರ್‌ಸಿಯಲ್ಲಿರುವ ವಿವರ ಕಂಪನಿ ಕೊಟ್ಟ ಮೂಲ ವಿವರಕ್ಕಿಂತ ಬೇರೆಯಾಗುವಂತೆ ಗಾಡಿ ಬದಲಾಯಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಗಟ್ಟಿಯಾಗಿ ಹೇಳಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಸೇರಿದ 182ಎ ಕಲಂನಲ್ಲಿ, ಅನುಮತಿ ಇಲ್ಲದ ಪ್ರತಿ ಬದಲಾವಣೆಗೆ ಮಾಲೀಕನಿಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು ಅಥವಾ ಎರಡೂ ಆಗಬಹುದು. ಸವೆದ ಶಾಕ್ ತೆಗೆದು ಅದೇ ಅಳತೆಯ ಇನ್ನೊಂದು ಕಂಪನಿಯ ಶಾಕ್ ಹಾಕುವುದು ರಿಪೇರಿ. ನೆಲಕ್ಕೆ ತಾಗುವಂತೆ ಇಳಿಸಿ, ಟೈರ್ ಹೊರಗೆ ಚಾಚಿಸಿದರೆ ಅದು ಬೇರೆ ಮಾತು. ಆಲ್ಟುರಾಗಳೆಲ್ಲ 15 ವರ್ಷ ದಾಟಿವೆ, ಐದು ವರ್ಷಕ್ಕೊಮ್ಮೆ ಆರ್‌ಸಿ ನವೀಕರಣಕ್ಕೆ ಇನ್‌ಸ್ಪೆಕ್ಟರ್ ಎದುರು ನಿಲ್ಲಿಸಲೇಬೇಕು. ಕಂಪನಿ ಎತ್ತರದಲ್ಲಿರುವ ಗಾಡಿಗೆ ಅವತ್ತು ತಲೆಬಿಸಿ ಇಲ್ಲ. ಇನ್ಶೂರೆನ್ಸ್ ಕಂಪನಿಗೂ ಬದಲಾವಣೆ ತಿಳಿಸಿಡಿ, ಕ್ಲೇಮ್ ಹೊತ್ತಿಗೆ ಅವರು ಹುಡುಕುವುದೇ ಇಂಥದ್ದನ್ನು.

## ಸ್ವಲ್ಪ ಆಳದ ಪ್ರಶ್ನೆಗಳು

"ಸ್ಪ್ರಿಂಗ್ ರೇಟ್ 4 ಕೆಜಿ, 6 ಕೆಜಿ ಅಂತಾರಲ್ಲ, ನನಗೆ ಎಷ್ಟು ಬೇಕು ಅಂತ ಹೇಗೆ ಲೆಕ್ಕ ಹಾಕೋದು?"

4 ಕೆಜಿ ಅಂದರೆ ಸ್ಪ್ರಿಂಗನ್ನು ಒಂದು ಮಿ.ಮೀ. ಒತ್ತಲು 4 ಕಿಲೋ ಭಾರ ಬೇಕು ಅಂತ. 1 ಕೆಜಿ ಅಂದರೆ ಮಿ.ಮೀ.ಗೆ ಸುಮಾರು 9.8 ನ್ಯೂಟನ್, ಅಮೆರಿಕದ ಲೆಕ್ಕದಲ್ಲಿ ಇಂಚಿಗೆ 56 ಪೌಂಡ್. ಆದರೆ ಈ ಸಂಖ್ಯೆ ಒಂದೇ ನೋಡಿದರೆ ಏನೂ ತಿಳಿಯದು. ಎಷ್ಟು ಭಾರದ ಮೇಲೆ ಅನ್ನುವುದು ಮುಖ್ಯ. ಅದಕ್ಕೆ ಫ್ರೀಕ್ವೆನ್ಸಿ ನೋಡಬೇಕು. ಗಾಡಿಯ ಒಂದು ಮೂಲೆ ಸೆಕೆಂಡಿಗೆ ಎಷ್ಟು ಸಲ ಮೇಲೆ ಕೆಳಗೆ ತೂಗುತ್ತದೆ ಅನ್ನುವ ಲೆಕ್ಕ ಅದು.

ಸೂತ್ರ ಸುಲಭ: ಗಟ್ಟಿತನವನ್ನು ಭಾರದಿಂದ ಭಾಗಿಸಿ, ವರ್ಗಮೂಲ ತೆಗೆದು, 6.28ರಿಂದ ಭಾಗಿಸಿ. ಉದಾಹರಣೆಗೆ ಒಂದು ಮೂಲೆಯಲ್ಲಿ ಸ್ಪ್ರಿಂಗ್ ಮೇಲೆ 250 ಕಿಲೋ, ಸ್ಪ್ರಿಂಗ್ ಮಿ.ಮೀ.ಗೆ 20 ನ್ಯೂಟನ್, ಅಂದರೆ ಮೀಟರಿಗೆ 20,000 ಅಂದುಕೊಳ್ಳಿ. 20,000 ಭಾಗಿಸು 250 ಅಂದರೆ 80, ಅದರ ವರ್ಗಮೂಲ 8.94, ಭಾಗಿಸು 6.28 ಅಂದರೆ 1.42 ಹರ್ಟ್ಜ್. ಸ್ಟ್ರಟ್ ಗಾಡಿಯಲ್ಲಿ ಚಕ್ರ ಎಷ್ಟು ಚಲಿಸುತ್ತದೋ ಸ್ಪ್ರಿಂಗೂ ಬಹುತೇಕ ಅಷ್ಟೇ ಚಲಿಸುವುದರಿಂದ ಈ ಲೆಕ್ಕ ಸಾಕು. ಮನೆ ಮಂದಿ ಕೂರುವ ಗಾಡಿಗೆ 1.2ರಿಂದ 1.5 ಹಿತ. 1.8 ದಾಟಿದರೆ ಹಿಂದೆ ಕೂತವರು ಬೈಯಲು ಶುರು. ಸ್ಪ್ರಿಂಗ್ 40 ನ್ಯೂಟನ್ ಮಾಡಿದರೆ 2 ಹರ್ಟ್ಜ್, ಅದು ಟ್ರ್ಯಾಕಿಗೆ. ಅದೇ 20 ನ್ಯೂಟನ್ ಸ್ಪ್ರಿಂಗ್ ಮೇಲೆ ಲೋಡ್ ಬಿದ್ದು ಮೂಲೆ ಭಾರ 350 ಕಿಲೋ ಆದರೆ 1.2ಕ್ಕೆ ಇಳಿಯುತ್ತದೆ. ಈಗ ಅರ್ಥವಾಯಿತಲ್ವಾ, ಟೊಮೆಟೊ ಹಾಕಿದಾಗ ಗಾಡಿ ಯಾಕೆ ದೋಣಿ ಆಗುತ್ತದೆ ಅಂತ.

ಮುಂದೆ ಹಿಂದೆ ಎರಡೂ ಒಂದೇ ಫ್ರೀಕ್ವೆನ್ಸಿ ಇಡಬೇಡಿ. ಹಂಪಿಗೆ ಮುಂದಿನ ಚಕ್ರ ಮೊದಲು ಹತ್ತುತ್ತದೆ, ಹಿಂದಿನದು ಅರೆಗಳಿಗೆ ತಡ. ಹಿಂದೆ ಫ್ರೀಕ್ವೆನ್ಸಿ ಸ್ವಲ್ಪ ಜಾಸ್ತಿ ಇದ್ದರೆ ತಡವಾಗಿ ಶುರುವಾದ ತೂಗಾಟ ಮುಂದಿನದನ್ನು ಹಿಡಿದುಬಿಡುತ್ತದೆ, ಗಾಡಿ ಮಟ್ಟವಾಗಿ ಇಳಿಯುತ್ತದೆ. ಇಲ್ಲದಿದ್ದರೆ ಮೂತಿ ಎದ್ದು ಬಾಲ ಇಳಿದು ಕುದುರೆ ಥರ ಆಡುತ್ತದೆ. ಲೋಡ್ ಹಾಕುವ ವ್ಯಾಗನ್‌ನಲ್ಲಿ ಖಾಲಿ ಇದ್ದಾಗ ಹಿಂದೆ ಹತ್ತು–ಹದಿನೈದು ಪರ್ಸೆಂಟ್ ಜಾಸ್ತಿ ಇಟ್ಟರೆ ಅರ್ಧ ಲೋಡಿನಲ್ಲಿ ಸಮ ಆಗುತ್ತದೆ.

"ಸ್ಪ್ರಿಂಗ್ ಮಾಡಿಸಿಕೊಡೋರು ಏನೇನು ಕೇಳ್ತಾರೆ?"

ತಂತಿ ದಪ್ಪ, ಸುತ್ತಿನ ವ್ಯಾಸ, ಸುತ್ತಿನ ಸಂಖ್ಯೆ, ಬಿಡಿ ಉದ್ದ, ತುದಿಯ ಆಕಾರ. ತಂತಿ ದಪ್ಪ ಹತ್ತು ಪರ್ಸೆಂಟ್ ಹೆಚ್ಚಾದರೆ ಗಟ್ಟಿತನ 46 ಪರ್ಸೆಂಟ್ ಏರುತ್ತದೆ, ಅದಕ್ಕೇ ಕಣ್ಣಂದಾಜಲ್ಲಿ ಹೇಳಬೇಡಿ. ವರ್ನಿಯರ್ ಹಿಡಿದು ಅಳೆಯಿರಿ, ಬಣ್ಣದ ಪದರ ಬಿಟ್ಟು. ಬಂದ ಮೇಲೆ ಜೋಡಿಯ ಎರಡನ್ನೂ ಪ್ರೆಸ್ಸಿನಲ್ಲಿ ಒತ್ತಿಸಿ ರೇಟ್ ನೋಡಿ. ಎಡ ಬಲ ಬೇರೆ ಬಂದದ್ದು ಉಂಟು.

"ಇಳಿಸಿದ ಮೇಲೆ ನಂದಿ ಘಾಟಿಯಲ್ಲಿ ಮೊದಲಿಗಿಂತ ಜಾಸ್ತಿ ವಾಲುತ್ತೆ. ಹೇಗೆ ಸಾಧ್ಯ?"

ಸಾಧ್ಯ, ಸ್ಟ್ರಟ್ ಗಾಡಿಯ ಹಳೇ ರೋಗ ಇದು. ಗಾಡಿ ತಿರುವಿನಲ್ಲಿ ಒಂದು ಕಾಲ್ಪನಿಕ ಬಿಂದುವಿನ ಸುತ್ತ ವಾಲುತ್ತದೆ, ಅದು ರೋಲ್ ಸೆಂಟರ್. ಲೋಯರ್ ಆರ್ಮಿನ ಕೋನ ಅದನ್ನು ನಿರ್ಧರಿಸುತ್ತದೆ. ಗಾಡಿ 30 ಮಿ.ಮೀ. ಇಳಿದರೆ ಭಾರದ ಕೇಂದ್ರವೂ 30 ಇಳಿಯುತ್ತದೆ. ಆದರೆ ಆರ್ಮ್ ಚಕ್ರದ ಕಡೆ ಮೇಲೆದ್ದು ರೋಲ್ ಸೆಂಟರ್ ಅದಕ್ಕಿಂತ ಎಷ್ಟೋ ಜಾಸ್ತಿ ಇಳಿದುಬಿಡುತ್ತದೆ. ಎರಡರ ನಡುವಿನ ಅಂತರವೇ ವಾಲಿಸುವ ಸನ್ನೆಕೋಲು. ಅದು ಉದ್ದವಾಯಿತು, ಗಾಡಿ ಜಾಸ್ತಿ ವಾಲಿತು. ಟೈ ರಾಡ್ ಕೋನವೂ ಕೆಟ್ಟು, ಗುಂಡಿಗೆ ಬಿದ್ದಾಗ ಸ್ಟೇರಿಂಗ್ ತನ್ನಷ್ಟಕ್ಕೆ ಎಳೆಯುತ್ತದೆ. ಉದ್ದದ ಬಾಲ್ ಜಾಯಿಂಟ್ ಹಾಕಿ ಸರಿ ಮಾಡುತ್ತಾರೆ, ನಮ್ಮ ಗಾಡಿಗೆ ಅದನ್ನೂ ಮಾಡಿಸಬೇಕು. ಸುಲಭದ ದಾರಿ ಗಾಡಿಯನ್ನು ವಾಪಸ್ ಎತ್ತುವುದು.

"ವಾಲೋದು ಕಡಿಮೆ ಆಗಬೇಕು, ಆದ್ರೆ ಗಟ್ಟಿ ಸ್ಪ್ರಿಂಗ್ ಬೇಡ. ಬೇರೆ ದಾರಿ?"

ದಪ್ಪ ಆಂಟಿ ರೋಲ್ ಬಾರ್, ಅಂದರೆ ಎಡ ಬಲ ಚಕ್ರ ಜೋಡಿಸುವ ಸ್ಟೆಬಿಲೈಸರ್ ಕಂಬಿ. ಎರಡೂ ಚಕ್ರ ಒಟ್ಟಿಗೆ ಎದ್ದರೆ ಅದು ಸುಮ್ನೆ ತಿರುಗುತ್ತದೆ, ಒಂದೇ ಎದ್ದರೆ ತಡೆಯುತ್ತದೆ. ಹಿಂದೆ ತೀರಾ ದಪ್ಪ ಹಾಕಿದರೆ ಮಳೆಗಾಲದ ಘಾಟಿಯಲ್ಲಿ ಬಾಲ ಜಾರುತ್ತದೆ, ಅದರಲ್ಲೂ ಖಾಲಿ ವ್ಯಾಗನ್. ಹೊಸ ಬುಷ್ ಮತ್ತು ಲಿಂಕ್ ಮೊದಲು ಹಾಕಿ ನೋಡಿ.

"ಪ್ರೀಲೋಡ್ ಜಾಸ್ತಿ ಮಾಡಿದ್ರೆ ಸ್ಪ್ರಿಂಗ್ ಗಟ್ಟಿ ಆಗುತ್ತಲ್ವಾ?"

ಆಗುವುದಿಲ್ಲ. ಪ್ರೀಲೋಡ್ ಅಂದರೆ ಭಾರ ಬೀಳುವ ಮೊದಲೇ ಸ್ಪ್ರಿಂಗನ್ನು ಒತ್ತಿಡುವುದು. ಲೀನಿಯರ್ ಸ್ಪ್ರಿಂಗಿನ ರೇಟ್ ಎಷ್ಟು ಒತ್ತಿದರೂ ಅಷ್ಟೇ. ಭಾರ ಬಿದ್ದ ಮೇಲೆ ಎತ್ತರ ಮಾತ್ರ ಬದಲಾಗುತ್ತದೆ, ಜೊತೆಗೆ ರಾಡ್ ಹೊರಗೆ ಬರುವ ದಾರಿ ಕಡಿಮೆಯಾಗುತ್ತದೆ. ಚಕ್ರ ತೇಲಿದಾಗ ಸ್ಪ್ರಿಂಗ್ ಸಡಿಲವಾಗದಷ್ಟು ಇದ್ದರೆ ಸಾಕು.

"ಬುಷ್ ಎಲ್ಲ ಪಿಯು ಮಾಡಿಸಿಬಿಡ್ಲಾ?"

ದಿನದ ಗಾಡಿಗೆ ರಬ್ಬರೇ ಸರಿ. ಪಾಲಿಯುರೆಥೇನ್ ಬುಷ್ ಹಿಡಿತ ಕೊಡುತ್ತದೆ, ಆದರೆ ಗ್ರೀಸ್ ಒಣಗಿದರೆ ಕಿರ್ ಕಿರ್ ಅನ್ನುತ್ತದೆ, ಕೆಂಪು ಧೂಳು ಸೇರಿದರೆ ಸವೆಯುತ್ತದೆ. ಆಂಟಿ ರೋಲ್ ಬಾರಿಗೆ ಮಾತ್ರ ಹಾಕಿ ಬೇಕಾದರೆ.

ರಬ್ಬರ್ ಹಾಕಿಸುವಾಗ ಒಂದು ವಿಷಯಕ್ಕೆ ಮೆಕ್ಯಾನಿಕ್ ಪಕ್ಕ ನಿಂತುಕೊಳ್ಳಿ. ಲೋಯರ್ ಆರ್ಮಿನ ಬೋಲ್ಟುಗಳ ಕೊನೆ ಬಿಗಿತ ಗಾಡಿ ನೆಲದ ಮೇಲೆ ನಿಂತ ಎತ್ತರದಲ್ಲಿ ಆಗಬೇಕು. ಚಕ್ರ ನೇತಾಡುವಾಗ ಬಿಗಿದರೆ ಗಾಡಿ ಕೆಳಗಿಳಿದ ತಕ್ಷಣ ರಬ್ಬರ್ ತಿರುಚಿಕೊಂಡೇ ಇರುತ್ತದೆ. ನನ್ನ ಗಾಡಿಗೆ ಒಂದು ಗ್ಯಾರೇಜಿನಲ್ಲಿ ಹಾಗೇ ಮಾಡಿ ಕಳಿಸಿದ್ದರು, ಹೊಸ ಬುಷ್ ಮುಂದಿನ ಮಳೆಗಾಲ ಕಾಣಲಿಲ್ಲ.

"ಹಾಕಿಸಿದ ಮೇಲೆ ಅಲೈನ್‌ಮೆಂಟ್ ಎಷ್ಟಿಡಬೇಕು?"

ಮುಂದೆ ಕ್ಯಾಂಬರ್ ಮೈನಸ್ ಅರ್ಧದಿಂದ ಮೈನಸ್ ಒಂದು ಡಿಗ್ರಿ, ಎಡಬಲ ಸಮ. ಟೋ (ಮೇಲಿಂದ ನೋಡಿದಾಗ ಚಕ್ರದ ಮುಂಭಾಗ ಒಳಗೆ ಹೊರಗೆ ತಿರುಗಿರುವುದು) ಸೊನ್ನೆ ಅಥವಾ ಕೂದಲೆಳೆಯಷ್ಟು ಒಳಗೆ. ಸ್ಟ್ರಟ್ ಹಿಡಿದಿರುವ ಎರಡು ಬೋಲ್ಟಿನಲ್ಲಿ ಒಂದಕ್ಕೆ ಕ್ಯಾಂಬರ್ ಬೋಲ್ಟ್ ಹಾಕಿದರೆ ಹೊಂದಿಸಲು ಆಗುತ್ತದೆ. ಹಿಂದಿನ ಟೋ ಕೂಡ ನೋಡಿಸಿ. ಮುಂದಷ್ಟೇ ನೋಡಿ ಚೀಟಿ ಕೊಡುವವರು ಜಾಸ್ತಿ. ಸ್ಪ್ರಿಂಗ್ ಹೊಸದಾದರೆ ಒಂದೆರಡು ವಾರದಲ್ಲಿ ಸ್ವಲ್ಪ ಕೂರುತ್ತದೆ, ಆಮೇಲೆ ಮಾಡಿಸಿದರೆ ದುಡ್ಡು ಉಳಿಯುತ್ತದೆ.

"ಕಾಯಿಲ್‌ಓವರ್ ಚೂಡಿ ಹಿಡ್ಕೊಂಡು ತಿರುಗ್ತಾನೇ ಇಲ್ಲ, ಏನ್ ಮಾಡ್ಲಿ?"

ಸುತ್ತಿಗೆ ಬೇಡ. ಪ್ಲಾಸ್ಟಿಕ್ ಬ್ರಷ್, ನೀರಿನಲ್ಲಿ ಮಣ್ಣು ಪೂರ್ತಿ ತೊಳೆದು, ತುಕ್ಕು ಬಿಡಿಸುವ ಎಣ್ಣೆ ಹೊಡೆದು ರಾತ್ರಿ ಬಿಡಿ. ಬೆಳಿಗ್ಗೆ ಸ್ಪ್ರಿಂಗ್ ಮೇಲಿನ ಭಾರ ತೆಗೆದು, ಅಂದರೆ ಚಕ್ರ ಎತ್ತಿ, ಕೊಕ್ಕೆ ಪಾನದಲ್ಲಿ ಎರಡು ಕಡೆಗೂ ಸ್ವಲ್ಪ ಸ್ವಲ್ಪ ಆಡಿಸಿ. ಬಿಟ್ಟ ಮೇಲೆ ಒಣ ಲೂಬ್ರಿಕೆಂಟ್ ಹಚ್ಚಿ. ಗ್ರೀಸ್ ಹಚ್ಚಿದರೆ ಧೂಳೆಲ್ಲ ಅಂಟಿ ಮತ್ತೆ ಅದೇ ಕಥೆ. ಬಿಡದಿದ್ದರೆ ಸ್ಟ್ರಟ್ ಹೊರಗೆ ತೆಗೆದು ಟೇಬಲ್ ವೈಸಿನಲ್ಲಿ ಹಿಡಿಯಬೇಕು. ಆಗ ಸ್ಪ್ರಿಂಗ್ ಕಂಪ್ರೆಸರ್ ಇಲ್ಲದೆ ಮೇಲಿನ ನಟ್ ಮಾತ್ರ ಮುಟ್ಟಬೇಡಿ, ಒತ್ತಿಟ್ಟ ಸ್ಪ್ರಿಂಗ್ ಮುಖಕ್ಕೇ ಹಾರುತ್ತದೆ.